ಹಳೆಯ ಆಟಿಕೆ ರೈಲಿನ ಅಕ್ಸೆಸರಿ ರಿಪೇರಿ: ಯಾವ ಪಾರ್ಟ್ ಎಲ್ಲಿಂದ ತರೋದು?

ಗೇಟ್‌ಮನ್ ಗುಡಿಸಲಿನ ಬಾಗಿಲು ಅರ್ಧ ತೆರೆದು ನಿಂತುಬಿಟ್ಟಿತ್ತು. ಅಮೆರಿಕದ ಆಟಿಕೆ ರೈಲಿನ ಕಂಪನಿ ಲಯನೆಲ್ 1950ರಲ್ಲಿ ತಂದ 145 ನಂಬರಿನ ಅಕ್ಸೆಸರಿ, ಅಂದರೆ ಹಳಿಯ ಪಕ್ಕ ಇಡುವ ಆಟಿಕೆ, ಅದು. ರೈಲು ಹತ್ತಿರ ಬಂದರೆ ಬಾಗಿಲು ತೆರೆದು ಲಾಟೀನು ಹಿಡಿದ ಪುಟ್ಟ ಮನುಷ್ಯ ಹೊರಗೆ ಬರಬೇಕು, ರೈಲು ಹೋದ ಮೇಲೆ ವಾಪಸ್ ಒಳಗೆ ಹೋಗಬೇಕು. ನನ್ನ ಕೈಗೆ ಸಿಕ್ಕಾಗ ಅವನು ಹೊಸ್ತಿಲಲ್ಲೇ ಸಿಕ್ಕಿಹಾಕಿಕೊಂಡಿದ್ದ. ಲಾಟೀನು ಮುರಿದುಹೋಗಿತ್ತು, ಬಲ್ಬು ಕಪ್ಪಾಗಿತ್ತು, ವೈರಿನ ಮೇಲಿನ ರಬ್ಬರು ಮುಟ್ಟಿದರೆ ಪುಡಿ ಉದುರುತ್ತಿತ್ತು. ಅದೇ ಪೆಟ್ಟಿಗೆಯಲ್ಲಿ ಒಂದು 394 ದೀಪದ ಗೋಪುರ, ಒಂದು 364 ಮರದ ದಿಮ್ಮಿ ಏರಿಸುವ ಯಂತ್ರ. ಮೂರೂ ಸತ್ತು ಮಲಗಿದ್ದವು. ಅವತ್ತು ರಾತ್ರಿಯೇ ಕೂತು ಒಂಬತ್ತು ಪಾರ್ಟ್ ಆರ್ಡರ್ ಮಾಡಿದೆ. ಕೊನೆಗೆ ಬಳಕೆಗೆ ಬಂದದ್ದು ಎರಡೇ ಎರಡು.

ಉಳಿದ ಏಳು ಈಗಲೂ ಡ್ರಾಯರಿನಲ್ಲಿವೆ. ಕೆಲವು ಬೇಕಾಗಿಯೇ ಇರಲಿಲ್ಲ, ಕೆಲವು ಕೂರಲಿಲ್ಲ, ಒಂದೆರಡು ತಪ್ಪು ಜಾಗದಿಂದ ತಂದದ್ದು. ಬಿಡಿಭಾಗ ಸಿಗುವ ದಾರಿಗಳೇನೂ ಕಮ್ಮಿ ಇಲ್ಲ. ಆ ಕಾಲದಲ್ಲೇ ತಯಾರಾಗಿ ಬಳಕೆಯಾಗದೆ ಉಳಿದ ಹಳೆ ಸ್ಟಾಕ್ ಇದೆ, ಈಗ ಹೊಸದಾಗಿ ಮಾಡಿ ಮಾರುವ ರಿಪ್ರೊಡಕ್ಷನ್ ಇದೆ, ಕೆಟ್ಟು ನಿಂತ ಇನ್ನೊಂದು ಪೀಸ್ ತಂದು ಬಿಚ್ಚಿಕೊಳ್ಳುವ ದಾರಿ ಇದೆ, ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಸಾಮಾನು ಇದೆ, ತ್ರೀಡಿ ಪ್ರಿಂಟ್ ಇದೆ, ಸ್ವಂತ ಕೈಯಲ್ಲಿ ಮಾಡಿಕೊಳ್ಳೋದೂ ಇದೆ. ಇದರಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಯಾವ ಪಾರ್ಟಿಗೆ ಯಾವುದು ಅಂತ ಕೇಳಿ, ಹೇಳುತ್ತೇನೆ.

ಮೊದಲು ಒಂದು ಸಂಜೆ ಏನೂ ಕೊಳ್ಳಬೇಡಿ

ನನ್ನ ಗೇಟ್‌ಮನ್ ಸಿಕ್ಕಿಹಾಕಿಕೊಂಡದ್ದಕ್ಕೆ ಕಾರಣ ಎಣ್ಣೆ. ಗುಡಿಸಲಿನ ಅಡಿಯಲ್ಲಿ ಒಂದು ಕಾಯಿಲ್ ಇರುತ್ತದೆ. ಅದಕ್ಕೆ ಕರೆಂಟ್ ಬಂದಾಗ ಒಳಗಿನ ಕಬ್ಬಿಣದ ಕಡ್ಡಿಯನ್ನು ಎಳೆದುಕೊಳ್ಳುತ್ತದೆ, ಆ ಎಳೆತಕ್ಕೆ ಬಾಗಿಲೂ ಮನುಷ್ಯನೂ ತಿರುಗುತ್ತಾರೆ. ಯಾರೋ ಪುಣ್ಯಾತ್ಮರು ಅರವತ್ತು ವರ್ಷದ ಹಿಂದೆ ಆ ಕಡ್ಡಿಗೆ ಎಣ್ಣೆ ಹಾಕಿದ್ದಾರೆ. ಅದು ಧೂಳು ಹಿಡಿದು ಬೆಲ್ಲದ ಪಾಕದ ಹಾಗೆ ಆಗಿತ್ತು. ಕಡ್ಡಿಯನ್ನೂ ಅದು ಓಡಾಡುವ ಕೊಳವೆಯನ್ನೂ ಒರೆಸಿ, ಒಣಗಿಸಿ, ಎಣ್ಣೆ ಹಾಕದೆ ಹಾಗೇ ವಾಪಸ್ ಇಟ್ಟೆ. ಬಾಗಿಲು ಪಟ್ ಅಂತ ತೆರೆಯಿತು. ಅಷ್ಟರಲ್ಲಿ ಹೊಸ ಕಾಯಿಲ್ ದಾರಿಯಲ್ಲಿತ್ತು ಅನ್ನೋದು ಬೇರೆ ಮಾತು.

ಕಾಯಿಲ್ ಸತ್ತಿದೆಯಾ ಅಂತ ನೋಡಲು ಒಂದು ಮಲ್ಟಿಮೀಟರ್ ಸಾಕು. ವೈರು ಬಿಚ್ಚಿ ಎರಡು ತುದಿಗೆ ಹಚ್ಚಿ. ಸ್ವಲ್ಪ ಓಮ್ಸ್ ತೋರಿಸಿದರೆ ಜೀವ ಇದೆ. ಏನೂ ತೋರಿಸದಿದ್ದರೆ ತಂತಿ ಎಲ್ಲೋ ಕಡಿದಿದೆ, ಮತ್ತು ಹತ್ತರಲ್ಲಿ ಎಂಟು ಸಲ ಅದು ಹೊರಗೆ ಬೆಸುಗೆ ಹಾಕಿದ ತುದಿಯಲ್ಲೇ ಕಡಿದಿರುತ್ತದೆ, ಒಂದು ಸುತ್ತು ಬಿಚ್ಚಿ ಮತ್ತೆ ಬೆಸೆದರೆ ಮುಗಿಯಿತು. ಇದು ನನ್ನ ಮೇಜಿನ ಲೆಕ್ಕ, ಬೇರೆಯವರದ್ದು ಬೇರೆ ಇರಬಹುದು. ಇನ್ನೊಂದು, ಹಳಿಯ ಕೆಳಗೆ ಕೂರುವ ಕಾಂಟ್ಯಾಕ್ಟರ್. ರೈಲಿನ ಭಾರಕ್ಕೆ ಹಳಿ ಸ್ವಲ್ಪ ಕುಸಿದು ಅದು ಒತ್ತಿಕೊಂಡಾಗಲೇ ಅಕ್ಸೆಸರಿಗೆ ಕರೆಂಟ್ ಹೋಗೋದು. ಅದರ ತಿರುಪು ಸಡಿಲಾಗಿದ್ದರೂ ಗೇಟ್‌ಮನ್ ಬರಲ್ಲ, ನಾವು ಸುಮ್ನೆ ಗೇಟ್‌ಮನ್‌ನನ್ನೇ ಬಿಚ್ಚುತ್ತಾ ಕೂರುತ್ತೇವೆ. ಹಾಗಾಗಿ ಟ್ರಾನ್ಸ್‌ಫಾರ್ಮರಿನಿಂದ ನೇರ ಎರಡು ವೈರು ಎಳೆದು ಅಕ್ಸೆಸರಿಗೆ ಮುಟ್ಟಿಸಿ ನೋಡಿ. ಆಮೇಲೆ ಬಿಚ್ಚುವ ಮಾತು.

ಅಂದಹಾಗೆ ಆ ಟ್ರಾನ್ಸ್‌ಫಾರ್ಮರಿನ ಬಗ್ಗೆ. ಹಳೆಯದರ ವೈರು ಬಿರುಕು ಬಿಟ್ಟಿದ್ದರೆ ಗೋಡೆಯ ಪ್ಲಗ್ಗಿಗೆ ಹಾಕಲೇಬೇಡಿ. ಅಕ್ಸೆಸರಿಯಲ್ಲಿ ತಪ್ಪಾದರೆ ಒಂದು ಬಲ್ಬು ಹೋಗುತ್ತದೆ, ಅಲ್ಲಿ ತಪ್ಪಾದರೆ ನಾವೇ ಹೋಗುತ್ತೇವೆ. ಅದನ್ನು ಗೊತ್ತಿದ್ದವರಿಗೆ ಕೊಡಿ.

ಹೆಸರು ಬಿಡಿ, ನಂಬರ್ ಹಿಡಿಯಿರಿ

‘ಲಯನೆಲ್ ಗೇಟ್‌ಮನ್ ಪಾರ್ಟ್’ ಅಂತ ಹುಡುಕಿದರೆ ಸಂತೆ ತೆರೆದುಕೊಳ್ಳುತ್ತದೆ. 1935ರಲ್ಲಿ ಬಂದ 45 ನಂಬರಿನ ಗೇಟ್‌ಮನ್ ಒಬ್ಬನಿದ್ದಾನೆ, 1950ರ 145 ಒಬ್ಬನಿದ್ದಾನೆ, ಆಮೇಲೆ ಹೊಸ ಕಾಲದ ಮರುತಯಾರಿಗಳಿವೆ. ದೂರದಿಂದ ನೋಡಿದರೆ ಅಣ್ಣತಮ್ಮಂದಿರು, ಬಿಚ್ಚಿದರೆ ಬೇರೆ ಬೇರೆ ಮನೆಯವರು.

ಲಯನೆಲ್ ತನ್ನ ಸರ್ವೀಸ್ ಸ್ಟೇಷನ್‌ಗಳಿಗೆ ಕೈಪಿಡಿ ಕೊಡುತ್ತಿತ್ತು. ಅದರಲ್ಲಿ ಪ್ರತಿ ಅಕ್ಸೆಸರಿಯನ್ನೂ ಬಿಡಿಸಿ ಹರಡಿದ ಚಿತ್ರ, ಪ್ರತಿ ಭಾಗಕ್ಕೂ ಒಂದು ನಂಬರ್. ಆ ಪುಟಗಳು ಈಗ ಇಂಟರ್‌ನೆಟ್ಟಿನಲ್ಲಿ ಓದಲು ಸಿಗುತ್ತವೆ. ನಂಬರಿನ ಕ್ರಮ ಸುಲಭ: ಮೊದಲು ಅಕ್ಸೆಸರಿಯ ನಂಬರ್, ಅಡ್ಡಗೆರೆ, ಆಮೇಲೆ ಭಾಗದ ನಂಬರ್. 394ರ ಬಲ್ಬು 394-10. ಆದರೆ ಒಂದು ಕೊಕ್ಕೆ ಇದೆ. ಒಂದು ಭಾಗ ಮೊದಲು ಯಾವ ಮಾದರಿಗೆ ತಯಾರಾಯಿತೋ ಆ ಮಾದರಿಯ ನಂಬರನ್ನೇ ಅದು ಕೊನೆಯವರೆಗೂ ಹೊತ್ತುಕೊಂಡಿರುತ್ತದೆ. ಹಾಗಾಗಿ ನಿಮ್ಮ ಅಕ್ಸೆಸರಿಯ ಪಟ್ಟಿಯಲ್ಲಿ ಬೇರೆ ಯಾವುದೋ ಮಾದರಿಯ ನಂಬರ್ ಕಂಡರೆ ಅದು ಅಚ್ಚಿನ ತಪ್ಪಲ್ಲ, ನಿಮ್ಮ ಅದೃಷ್ಟ. ಅದೇ ಭಾಗ ಎರಡು ಮೂರು ಮಾದರಿಗಳಲ್ಲಿ ಇದೆ ಅಂತ ಅರ್ಥ, ಅಂದರೆ ಹುಡುಕುವ ಜಾಗ ದೊಡ್ಡದಾಯಿತು.

ಅಮೆರಿಕನ್ ಫ್ಲಯರ್ ಅನ್ನೋ ಇನ್ನೊಂದು ಹೆಸರಿನ ಆಟಿಕೆ ರೈಲು ಇಟ್ಟುಕೊಂಡವರಿಗೂ ಇದೇ ದಾರಿ. ಒಂದೇ ವ್ಯತ್ಯಾಸ, ಅದನ್ನು ಮಾಡುತ್ತಿದ್ದ ಗಿಲ್ಬರ್ಟ್ ಕಂಪನಿ 1967ರಲ್ಲೇ ಮುಚ್ಚಿತು, ಹೆಸರು ಲಯನೆಲ್ ಪಾಲಾಯಿತು. ಜಾಹೀರಾತಿನಲ್ಲಿ ಎರಡು ಹೆಸರೂ ಒಟ್ಟಿಗೆ ಕಂಡರೆ ಗಾಬರಿ ಬೇಡ.

ಹಳೆ ಸ್ಟಾಕಾ, ಹೊಸದಾಗಿ ಮಾಡಿದ್ದಾ?

ಹಳೆ ಸ್ಟಾಕ್ ಅಂದ ತಕ್ಷಣ ಸಂಗ್ರಾಹಕರ ಕಣ್ಣು ಹೊಳೆಯುತ್ತದೆ, ನನ್ನದೂ ಹೊಳೆಯುತ್ತದೆ. ನ್ಯೂಯಾರ್ಕಿನಲ್ಲಿ ಮ್ಯಾಡಿಸನ್ ಹಾರ್ಡ್‌ವೇರ್ ಅಂತ ಒಂದು ಅಂಗಡಿ ಇತ್ತು. ಹಳೆಯ ಲಯನೆಲ್ ಬಿಡಿಭಾಗ ಬೇಕು ಅಂದರೆ ಜನ ಮೊದಲು ಹೇಳುತ್ತಿದ್ದ ಹೆಸರೇ ಅದು. 1989ರಲ್ಲಿ, ಆಗ ಲಯನೆಲ್‌ನ ಒಡೆಯರಾಗಿದ್ದ ರಿಚರ್ಡ್ ಕನ್ ಅದನ್ನು ಕೊಂಡು ಸರಕನ್ನೆಲ್ಲ ಡೆಟ್ರಾಯಿಟ್‌ಗೆ ಸಾಗಿಸಿದರು. ಅಂಥ ಕೋಣೆಗಳಲ್ಲಿ ಉಳಿದ ಪೊಟ್ಟಣಗಳೇ ಈಗ ‘ಹಳೆ ಸ್ಟಾಕ್’ ಅಂತ ಒಂದೊಂದಾಗಿ ಹೊರಬೀಳುವುದು.

ಆದರೆ ಒಂದು ಮಾತು ಮರೆಯಬೇಡಿ. ಪೊಟ್ಟಣದಲ್ಲೇ ಇದ್ದರೂ ವಸ್ತುವಿಗೆ ವಯಸ್ಸಾಗುತ್ತದೆ. ಹಿತ್ತಾಳೆಯ ಗೇರ್, ಉಕ್ಕಿನ ಸ್ಪ್ರಿಂಗ್, ಒತ್ತಿ ಮಾಡಿದ ತಗಡಿನ ಭಾಗ, ಇವು ಎಪ್ಪತ್ತು ವರ್ಷ ಸುಮ್ಮನೆ ಕೂತಿದ್ದರೂ ಏನೂ ಆಗಲ್ಲ, ಹಳೆ ಸ್ಟಾಕ್ ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ. ರಬ್ಬರ್ ಹಾಗಲ್ಲ. ನನ್ನ 364ರಲ್ಲಿ ದಿಮ್ಮಿಗಳನ್ನು ಮೇಲಕ್ಕೆ ಹೊತ್ತೊಯ್ಯುವ ಪಟ್ಟಿ ಒಣಗಿ ಬಿರುಕು ಬಿಟ್ಟಿತ್ತು. ಅದಕ್ಕೆ ನಾನು ತರಿಸಿದ್ದು ಅಸಲಿ, ಪೊಟ್ಟಣ ಒಡೆಯದ, ಯಾರೂ ಮುಟ್ಟದ ಪಟ್ಟಿ. ಬಗ್ಗಿಸಿದ ಕೂಡಲೇ ಹಪ್ಪಳದ ಹಾಗೆ ಮುರಿಯಿತು. ಮಾರಿದವರ ತಪ್ಪೇನಿಲ್ಲ, ಅವರು ಅಸಲಿ ಅಂದರು, ಅಸಲಿಯೇ ಕೊಟ್ಟರು. ಅದಾದ ಮೇಲೆ ರಿಪ್ರೊಡಕ್ಷನ್ ಪಟ್ಟಿ ಹಾಕಿದೆ, ಈಗಲೂ ಓಡುತ್ತಿದೆ.

ಹಾಗಾಗಿ ನನ್ನ ಪ್ರಕಾರ ರಬ್ಬರು, ಪಟ್ಟಿ, ವೈರು, ಅಂಟಿಸುವ ಅಕ್ಷರಗಳು, ಬಟ್ಟೆ ಅಥವಾ ಸ್ಪಂಜಿನ ಯಾವುದೇ ಭಾಗ, ಇದಕ್ಕೆಲ್ಲ ಹೊಸದಾಗಿ ಮಾಡಿದ್ದೇ ಸರಿ. ಇಲ್ಲಿ ಅಸಲಿಗೆ ಆಸೆ ಪಡೋದು ವ್ಯರ್ಥ.

ರಿಪ್ರೊಡಕ್ಷನ್‌ನಲ್ಲಿ ತೊಂದರೆ ಇರೋದು ಕಣ್ಣಿಗೆ ಕಾಣುವ ಭಾಗಗಳಲ್ಲಿ. ಛಾವಣಿ, ಬೊಂಬೆ, ಹೆಸರಿನ ತಗಡು. ಆಕಾರ ಸರಿ ಇರುತ್ತದೆ, ಬಣ್ಣ ಒಂದು ಕೂದಲಿನಷ್ಟು ಆಚೀಚೆ. ಹಳೆಯ ಕೆಂಪು ಬಿಸಿಲಿಗೆ, ಹೊಗೆಗೆ, ಕೈ ಬೆವರಿಗೆ ಮಾಗಿರುತ್ತದೆ, ಹೊಸದು ಪಕ್ಕದಲ್ಲಿ ಕೂತರೆ ಮದುವೆಗೆ ಬಂದ ಹಾಗೆ ಮಿನುಗುತ್ತದೆ. ಬೊಂಬೆಗಳಲ್ಲಿ ಅಂಚು ಮೊಂಡಾಗಿರುತ್ತದೆ, ಯಾಕಂದರೆ ಎಷ್ಟೋ ಸಲ ಅವು ಹಳೆಯ ಬೊಂಬೆಯಿಂದಲೇ ಅಚ್ಚು ತೆಗೆದು ಎರಕ ಹೊಯ್ದವು. ಇದು ತಪ್ಪು ಅಂತಲ್ಲ. ಆಟಕ್ಕೆ ಇಟ್ಟುಕೊಳ್ಳುವವರಿಗೆ ಧಾರಾಳವಾಗಿ ಸಾಕು. ಆದರೆ ಮುಂದೆ ಮಾರುವ ಯೋಚನೆ ಇದ್ದರೆ ಯಾವುದನ್ನು ಬದಲಾಯಿಸಿದಿರಿ ಅಂತ ಬರೆದು ಅಡಿಯಲ್ಲಿ ಒಂದು ಚೀಟಿ ಅಂಟಿಸಿಡಿ. ಕೊಳ್ಳುವವರಿಗೆ ಅದನ್ನು ಹೇಳದೆ ಮಾರೋದು ಈ ವಲಯದಲ್ಲಿ ಮೋಸ ಅಂತಲೇ ಲೆಕ್ಕ.

ಇನ್ನೊಂದು ಬಗೆಯ ಹೊಸದೂ ಇದೆ. 1969ರಲ್ಲಿ ಲಯನೆಲ್ ಹೆಸರಿನಲ್ಲಿ ರೈಲು ಮಾಡುವ ಹಕ್ಕು ಜನರಲ್ ಮಿಲ್ಸ್ ಅನ್ನೋ ತಿಂಡಿ ತಿನಿಸಿನ ಕಂಪನಿಗೆ ಹೋಯಿತು. ಅಲ್ಲಿಂದೀಚೆಗೆ ಹಳೆಯ ಅಕ್ಸೆಸರಿಗಳು ಒಂದೊಂದಾಗಿ ಮತ್ತೆ ತಯಾರಾಗಿ ಬಂದವು. ಅವುಗಳ ಬಿಡಿಭಾಗ ಸಿಗೋದು ಸುಲಭ. ಕೆಲವು ಹಳೆಯದಕ್ಕೆ ಸರಿಯಾಗಿ ಕೂರುತ್ತವೆ, ಕೆಲವು ಒಂದು ತೂತು ಆಚೀಚೆ ಆಗಿ ಕಾಡಿಸುತ್ತವೆ. ಮಾರುವವರನ್ನೇ ಕೇಳಿ: ‘ಎರಡನೇ ಮಹಾಯುದ್ಧದ ನಂತರದ ಮೂಲ ಮಾದರಿಗೆ ಕೂರುತ್ತದಾ, ನೀವೇ ಹಾಕಿ ನೋಡಿದ್ದೀರಾ?’ ‘ಕೂರಬೇಕು’ ಅಂತ ಉತ್ತರ ಬಂದರೆ ಹಾಕಿ ನೋಡಿಲ್ಲ ಅಂತ ತಿಳಿದುಕೊಳ್ಳಿ.

ಗುಜರಿ ಪೀಸ್, ನನ್ನ ಮೊದಲ ಆಯ್ಕೆ

ಒಂದೇ ಒಂದು ಸಣ್ಣ ಲಿವರ್ ಬೇಕಾದಾಗ ಇಡೀ ಕೆಟ್ಟ ಅಕ್ಸೆಸರಿಯನ್ನು ಕೊಳ್ಳೋದು ದುಂದು ಅನ್ನಿಸುತ್ತದೆ. ನನಗೂ ಅನ್ನಿಸುತ್ತಿತ್ತು. ಲೆಕ್ಕ ಹಾಕಿ ನೋಡಿದರೆ ಉಲ್ಟಾ. ಮೂರು ಸಣ್ಣ ಭಾಗಗಳನ್ನು ಮೂರು ಕಡೆಯಿಂದ ತರಿಸಿದರೆ ಮೂರು ಸಲ ಸಾಗಣೆಯ ಖರ್ಚು, ಅದೇ ಸಾಲದು ಅಂತ ಒಂದು ತಪ್ಪಿ ಬರುತ್ತದೆ. ಒಡೆದ ಛಾವಣಿಯ, ಬೊಂಬೆ ಇಲ್ಲದ, ಯಾರಿಗೂ ಬೇಡವಾದ ಒಂದು 145 ಸಿಕ್ಕರೆ ಅದರಲ್ಲಿ ಕಾಯಿಲ್ ಇದೆ, ಕಡ್ಡಿ ಇದೆ, ಸ್ಪ್ರಿಂಗ್ ಇದೆ, ತಿರುಪುಗಳಿವೆ, ವೈರು ಕಟ್ಟುವ ಕ್ಲಿಪ್ಪುಗಳಿವೆ. ಅದಕ್ಕಿಂತ ದೊಡ್ಡ ವಿಷಯ, ಇವೆಲ್ಲ ಹೇಗೆ ಜೋಡಿಸಿದ್ದರು ಅನ್ನೋದು ಕಣ್ಣೆದುರು ಇರುತ್ತದೆ. ಕೈಪಿಡಿಯ ಚಿತ್ರ ನೋಡಿ ವಾಷರ್ ಸ್ಪ್ರಿಂಗಿನ ಮೇಲೆ ಬರುತ್ತದಾ ಕೆಳಗಾ ಅಂತ ಜಗಳ ಆಡೋದಕ್ಕಿಂತ ಇನ್ನೊಂದನ್ನು ಬಿಚ್ಚಿ ನೋಡೋದು ವಾಸಿ.

ಕೊಳ್ಳುವಾಗ ಫೋಟೋದಲ್ಲಿ ನೋಡಬೇಕಾದ್ದು ತಲೆಯನ್ನಲ್ಲ, ಅಡಿಯನ್ನು. ಅಡಿಯ ಫೋಟೋ ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳಿ. ತುಕ್ಕು ಮೇಲ್ಮೈಯಲ್ಲಿದ್ದರೆ ಪರವಾಗಿಲ್ಲ, ಪದರ ಎದ್ದಿದ್ದರೆ ಬೇಡ. ಬ್ಯಾಟರಿ ಸೋರಿದ ಹಸಿರು ಬಿಳಿ ಪುಡಿ ಕಂಡರೆ ಬೇಡವೇ ಬೇಡ. ‘ಕೆಲಸ ಮಾಡುತ್ತದಾ ಪರೀಕ್ಷಿಸಿಲ್ಲ’ ಅಂತ ಬರೆದಿದ್ದರೆ ಕೆಲಸ ಮಾಡಲ್ಲ ಅಂತಲೇ ಓದಿಕೊಳ್ಳಿ, ಆ ಲೆಕ್ಕಕ್ಕೇ ಬೆಲೆ ಕಟ್ಟಿ.

ಯುದ್ಧಕ್ಕೆ ಮುಂಚಿನ ಸಾಮಾನಾದರೆ ಇನ್ನೊಂದು ಭಯ ಇದೆ, ಜಿಂಕ್ ಪೆಸ್ಟ್. ಸತುವಿನ ಎರಕದಲ್ಲಿ ಸೀಸದಂಥ ಕಲಬೆರಕೆ ಸೇರಿದ್ದರೆ ಲೋಹ ಒಳಗಿನಿಂದಲೇ ಕೊಳೆಯುತ್ತಾ ಹೋಗುತ್ತದೆ. ಮೊದಲು ಉಬ್ಬುತ್ತದೆ, ಆಮೇಲೆ ಜೇಡರ ಬಲೆಯ ಹಾಗೆ ಬಿರುಕು, ಕೊನೆಗೆ ಬೆರಳಲ್ಲಿ ಹಿಸುಕಿದರೆ ರಸ್ಕಿನ ಹಾಗೆ ಪುಡಿ. 1929ರಲ್ಲಿ ನ್ಯೂಜೆರ್ಸಿ ಜಿಂಕ್ ಕಂಪನಿ ಅತಿ ಶುದ್ಧ ಸತು ಬಳಸಿ ಜಾಮ್ಯಾಕ್ ಮಿಶ್ರಲೋಹ ತಂದಿತು. ಹಾಗಂತ ಎಲ್ಲ ಕಾರ್ಖಾನೆಗಳೂ ಮರುದಿನವೇ ಶುದ್ಧವಾಗಲಿಲ್ಲ, 1930ರ ದಶಕದ ಸಾಮಾನಿನಲ್ಲೂ ಈ ಕಾಯಿಲೆ ಕಾಣುತ್ತದೆ. ಇದಕ್ಕೆ ಔಷಧಿ ಇಲ್ಲ. ಅಂಟು ಹಾಕಬೇಡಿ, ತುಂಬಿ ಬಣ್ಣ ಬಳಿಯಬೇಡಿ. ಇಂಥ ಭಾಗಕ್ಕೆ ಗುಜರಿ ಪೀಸನ್ನೂ ನಂಬಬೇಡಿ, ಅದೂ ಅದೇ ಎರಕದ ಕೂಸು. ಇಲ್ಲಿ ಮಾತ್ರ ಹೊಸದಾಗಿ ಎರಕ ಹೊಯ್ದದ್ದೇ ಗತಿ.

ಬಲ್ಬಿನಲ್ಲಿ ನಾನು ಕಲಿತ ಪಾಠ

ಬಲ್ಬು ತಾನೇ, ಯಾವುದೋ ಹಾಕಿದರಾಯಿತು ಅನ್ನಿಸುತ್ತದೆ, ಅಲ್ವಾ? ಸಾಧಾರಣ ಅಕ್ಸೆಸರಿಗೆ ಅದು ನಿಜವೂ ಹೌದು. ಬುಡ ಒತ್ತಿ ತಿರುಗಿಸುವ ಬೆಯೊನೆಟ್ಟಾ, ತಿರುಪಿನದ್ದಾ ನೋಡಿ, ವೋಲ್ಟ್ ನೋಡಿ, ಮುಗಿಯಿತು. 1445 ಅಂದರೆ 18 ವೋಲ್ಟಿನ ಬೆಯೊನೆಟ್, 1447 ಅಂದರೆ 18 ವೋಲ್ಟಿನ ತಿರುಪು. ಇವು ಆಟಿಕೆ ಕಂಪನಿಯದ್ದೇ ನಂಬರ್ ಅಲ್ಲ, ಬಲ್ಬು ಉದ್ಯಮದ ನಂಬರ್. ಹಾಗಾಗಿ ಎಲೆಕ್ಟ್ರಾನಿಕ್ಸ್ ಸಾಮಾನು ಮಾರುವವರ ಹತ್ತಿರವೂ ಸಿಗುತ್ತವೆ, ರೈಲಿನ ಅಂಗಡಿಗಿಂತ ಅಗ್ಗವಾಗಿಯೇ. ಬಲ್ಬು ಬೇಗ ಬೇಗ ಹೋಗುತ್ತಿದ್ದರೆ 14 ವೋಲ್ಟಿನದ್ದು ತೆಗೆದು 18ರದ್ದು ಹಾಕಿ. ಬೆಳಕು ಕೊಂಚ ಮಂಕು, ಬಾಳಿಕೆ ಜಾಸ್ತಿ, ಬಿಸಿಯೂ ಕಡಿಮೆ.

ಈಗ 394ಕ್ಕೆ ಬನ್ನಿ. 1949ರಲ್ಲಿ ಬಂದ ಈ ಗೋಪುರದ ತಲೆಯ ಮೇಲೆ ದೀಪದ ಗೂಡು ತಿರುಗುತ್ತದೆ. ಮೋಟರ್ ಇಲ್ಲ. ಬಲ್ಬಿನ ಬಿಸಿಗೆ ಮೇಲೇಳುವ ಗಾಳಿ ಗೂಡಿನ ರೆಕ್ಕೆಗಳನ್ನು ತಳ್ಳುತ್ತದೆ, ಗೂಡು ಒಂದು ಸೂಜಿಯ ಮೊನೆಯ ಮೇಲೆ ತೇಲಿದ ಹಾಗೆ ತಿರುಗುತ್ತದೆ. ಆ ಮೊನೆ ಕೂರೋದು ಎಲ್ಲಿ? ಬಲ್ಬಿನ ಗಾಜಿನ ನೆತ್ತಿಯಲ್ಲಿರುವ ಒಂದು ಸಣ್ಣ ಗುಳಿಯಲ್ಲಿ! ನಾನು ಬುಡ ನೋಡಿದೆ, ವೋಲ್ಟ್ ನೋಡಿದೆ, ಮಾಮೂಲಿ ಬಲ್ಬು ತಂದು ಹಾಕಿದೆ. ದೀಪ ಉರಿಯಿತು, ಗೂಡು ಜಾರಿ ಬಿತ್ತು. ನೆತ್ತಿಗೆ ಪುಟ್ಟ ಲೋಹದ ಬಟ್ಟಲು ಅಂಟಿಸಿ ನೋಡಿದೆ, ಬಿಸಿಗೆ ಅಂಟು ಬಿಟ್ಟಿತು. ಆಮೇಲೆ ಜಾಣತನ ಮಾಡಿ ಎಲ್‌ಇಡಿ ಹಾಕಿದೆ. ಉರಿಯುತ್ತದೆ, ಬಿಸಿಯೇ ಇಲ್ಲ, ಗೂಡು ಅಲ್ಲಾಡುವುದೂ ಇಲ್ಲ. ಈ ಒಂದು ಅಕ್ಸೆಸರಿಗೆ ಗುಳಿ ಇರುವ ಬಲ್ಬೇ ಬೇಕು, ಬದಲಿ ಇಲ್ಲ. 1954ರಲ್ಲಿ ಬಂದ 494 ಗೋಪುರ ನೋಡಲು ಹೆಚ್ಚುಕಡಿಮೆ ಹೀಗೇ ಇದ್ದರೂ ಅದನ್ನು ತಿರುಗಿಸೋದು ಕಾಯಿಲ್ಲಿನ ನಡುಕ, ಬಲ್ಬು ಬರೀ ಬೆಳಕಿಗೆ. ಅದಕ್ಕೆ ಎಲ್‌ಇಡಿ ಹಾಕಿದರೂ ನಡೆಯುತ್ತದೆ.

455 ಎಣ್ಣೆಬಾವಿಯೂ ಬಿಸಿಯ ಮೇಲೇ ಬದುಕುವಂಥದ್ದು. ಅದರ ಗಾಜಿನ ಕೊಳವೆಯಲ್ಲಿ ಬೇಗ ಕುದಿಯುವ ದ್ರವ ಇರುತ್ತದೆ, ಕೆಳಗಿನ ಬಲ್ಬಿನ ಬಿಸಿಗೆ ಗುಳ್ಳೆ ಏಳುತ್ತವೆ. ಅಲ್ಲೂ ಎಲ್‌ಇಡಿ ಹಾಕಿದರೆ ಬಾವಿ ಬತ್ತಿದ ಹಾಗೆ. ಕೊಳವೆ ಒಡೆದಿದ್ದರೆ ಹೊಸದಾಗಿ ಮಾಡಿದ್ದು ಸಿಗುತ್ತದೆ, ಅದನ್ನೇ ತನ್ನಿ. ಇಂಥ ಗುಳ್ಳೆ ಕೊಳವೆಗಳಲ್ಲಿ ಸಾಮಾನ್ಯವಾಗಿ ಮೆಥಿಲೀನ್ ಕ್ಲೋರೈಡ್ ತುಂಬಿರುತ್ತಾರೆ, ಮೂಗಿಗೆ ಒಳ್ಳೆಯದಲ್ಲ, ಒಡೆದರೆ ಕಿಟಕಿ ತೆಗೆದು ಆಚೆ ಹೋಗಿ. ನೀವೇ ತುಂಬುವ ಸಾಹಸ ಬೇಡ.

ಹಾರ್ಡ್‌ವೇರ್ ಅಂಗಡಿಯ ಸಾಮಾನು ನಡೆಯುತ್ತದಾ?

ನಡೆಯುತ್ತದೆ, ಅಳತೆ ಗೊತ್ತಿದ್ದರೆ. ಇಲ್ಲಿ ಜನ ಎಡವೋದು ತಿರುಪಿನಲ್ಲಿ. ಅಮೆರಿಕದ ಆಟಿಕೆಗಳಲ್ಲಿ 4-40, 6-32ರಂಥ ಅವರದೇ ಅಳತೆಯ ತಿರುಪುಗಳು. 4-40ರ ದಪ್ಪ ಸುಮಾರು 2.84 ಮಿ.ಮೀ. ನೋಡಿದರೆ 3 ಮಿ.ಮೀ. ದಪ್ಪದ ಎಂ3 ತಿರುಪಿನ ಹಾಗೇ ಕಾಣುತ್ತದೆ. ಆದರೆ ಎಂ3ರ ಎಳೆಯಿಂದ ಎಳೆಗೆ 0.5 ಮಿ.ಮೀ., 4-40ರದ್ದು 0.635. ಒಂದೆರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ, ನಾವು ‘ತುಕ್ಕಿರಬೇಕು’ ಅಂತ ಒತ್ತಿ ತಿರುಗಿಸುತ್ತೇವೆ, ಹಳೆಯ ಎರಕದ ಎಳೆಗಳು ಕಿತ್ತು ಬರುತ್ತವೆ. ಕೈಯಲ್ಲಿ ಸರಾಗವಾಗಿ ಮೂರು ಸುತ್ತು ಹೋಗದ ತಿರುಪನ್ನು ಸ್ಕ್ರೂಡ್ರೈವರಿನಿಂದ ಕಳಿಸಬೇಡಿ. ಬ್ರಿಟನ್ನಿನ ಹಾರ್ನ್‌ಬಿ ಸಾಮಾನಾದರೆ ಲೋಕವೇ ಬೇರೆ. ಅದನ್ನು ಮಾಡಿದ್ದು ಮೆಕ್ಯಾನೋ ಕಂಪನಿ, ಮೆಕ್ಯಾನೋ ತಿರುಪು ವಿಟ್‌ವರ್ತ್ ಅನ್ನೋ ಬ್ರಿಟಿಷ್ ಅಳತೆಯ 5/32 ಇಂಚು, ಸಣ್ಣ ಕಡೆ ಬಿಎ ಅನ್ನೋ ಇನ್ನೊಂದು ಬ್ರಿಟಿಷ್ ಅಳತೆ. ಜರ್ಮನಿಯ ಮಾರ್ಕ್‌ಲಿನ್‌ಗೆ ಮಿ.ಮೀ. ಅಳತೆ, ಅಲ್ಲಿ ಮಾತ್ರ ಎಂ2, ಎಂ3 ಡಬ್ಬಿ ತೆರೆಯಬಹುದು.

ಅಚ್ಚುಗಂಬಿಯಲ್ಲೂ ಇದೇ ಕಥೆ. 1/8 ಇಂಚು ಅಂದರೆ 3.175 ಮಿ.ಮೀ. ಅಲ್ಲಿಗೆ 3 ಮಿ.ಮೀ. ಕಂಬಿ ಹಾಕಿದರೆ ಕೂರುತ್ತದೆ, ಆದರೆ ಗೇರ್ ಓಲಾಡಿ ಹಲ್ಲು ಸವೆಯುತ್ತದೆ.

ಇದು ಬಿಟ್ಟರೆ ವೈರು, ಕ್ರೇನಿನ ದಾರ, ಬೆಸುಗೆ, ಮರದ ದಿಮ್ಮಿ, ಇದ್ಯಾವುದಕ್ಕೂ ರೈಲಿನ ಅಂಗಡಿಗೆ ಹೋಗಬೇಕಿಲ್ಲ. 364ರ ದಿಮ್ಮಿಗಳು ಗುಂಡನೆಯ ಮರದ ಕಡ್ಡಿಗಳಷ್ಟೇ, ಒಂದು ಹಳೆಯ ದಿಮ್ಮಿಯ ದಪ್ಪ ವರ್ನಿಯರ್‌ನಲ್ಲಿ ಅಳೆದು ಉದ್ದ ಕತ್ತರಿಸಿ ಬಣ್ಣ ಹಾಕಿ. ಇದಕ್ಕೂ ‘ಅಸಲಿ’ ಹುಡುಕಿ ದುಡ್ಡು ಕೊಡುವವರಿದ್ದಾರೆ, ನಾನು ಅವರ ಜೊತೆ ವಾದ ಮಾಡಲ್ಲ.

ಕಾಯಿಲ್ ನಿಜವಾಗಿಯೂ ಸುಟ್ಟಿದ್ದರೆ ಮತ್ತೆ ಸುತ್ತಬಹುದು. ಹಳೆಯ ತಂತಿಯ ದಪ್ಪ ಮೈಕ್ರೋಮೀಟರಿನಲ್ಲಿ ಅಳೆಯಿರಿ, ಬಿಚ್ಚುವಾಗ ಸುತ್ತು ಎಣಿಸಿ, ಅದೇ ದಪ್ಪದ ಅರಗು ಹೊದಿಕೆಯ ತಾಮ್ರದ ತಂತಿಯನ್ನು ಅಷ್ಟೇ ಸುತ್ತಿ. ಸುತ್ತು ಕಡಿಮೆ ಮಾಡಿದರೆ ಕರೆಂಟ್ ಜಾಸ್ತಿ ಎಳೆದು ಬಿಸಿಯಾಗುತ್ತದೆ. ಕಷ್ಟದ ಕೆಲಸವೇನಲ್ಲ, ಬೇಜಾರಿನ ಕೆಲಸ. ಗುಜರಿ ಪೀಸ್ ಸಿಕ್ಕರೆ ನಾನು ಸುತ್ತಲು ಕೂರಲ್ಲ.

ತ್ರೀಡಿ ಪ್ರಿಂಟ್ ಮತ್ತು ಮನೆಯ ಅಚ್ಚು

ಪ್ರಿಂಟರ್ ಇರುವ ಗೆಳೆಯರು ಎಲ್ಲದಕ್ಕೂ ‘ಪ್ರಿಂಟ್ ಮಾಡೋಣ’ ಅನ್ನುತ್ತಾರೆ. ಒಪ್ಪಿಕೊಂಡು ನಾನು 394ರ ಹಾಗೆಯೇ ಇರುವ ಒಂದು ದೀಪದ ಮುಚ್ಚಳ ಮಾಡಿಸಿದೆ. ಪಿಎಲ್‌ಎ ಪ್ಲಾಸ್ಟಿಕ್. ಸುಮಾರು 60 ಡಿಗ್ರಿಗೆ ಅದು ಮೆತ್ತಗಾಗುತ್ತದೆ ಅನ್ನೋದು ನಮ್ಮಿಬ್ಬರಿಗೂ ಗೊತ್ತಿತ್ತು, ಬಲ್ಬು ಅಷ್ಟು ಕಾಯುತ್ತದೆ ಅನ್ನೋದು ಹೊಳೆಯಲಿಲ್ಲ. ಅರ್ಧ ಗಂಟೆಯಲ್ಲಿ ಮುಚ್ಚಳ ಅಣಬೆಯ ಹಾಗೆ ಬಾಗಿತು. ಬಲ್ಬಿನ ಹತ್ತಿರ ಬರುವ ಭಾಗಕ್ಕೆ ಕನಿಷ್ಠ ಎಬಿಎಸ್ ಪ್ಲಾಸ್ಟಿಕ್ ಆಗಲಿ, ಅದು ಸುಮಾರು 100 ಡಿಗ್ರಿವರೆಗೆ ತಡೆಯುತ್ತದೆ. ಇನ್ನೂ ಒಳ್ಳೆಯದು ತಗಡು.

ಪ್ರಿಂಟಿನ ನಿಜವಾದ ಉಪಯೋಗ ಬೇರೆ ಕಡೆ. ಯಾರೂ ಮರುತಯಾರಿ ಮಾಡದ, ಗುಜರಿಯಲ್ಲೂ ಸಿಗದ, ಒಳಗೆ ಎಲ್ಲೋ ಕೂರುವ ಒಂದು ಹಿಡಿಕೆ, ಒಂದು ಸ್ಪೇಸರ್, ಒಂದು ಬ್ರಾಕೆಟ್, ಇದಕ್ಕೆ ಅದರಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ. ಹೊರಗೆ ಕಾಣುವ ಭಾಗಕ್ಕೆ ಪ್ಲಾಸ್ಟಿಕ್ ತಂತಿ ಕರಗಿಸಿ ಪದರ ಹಾಕುವ ಪ್ರಿಂಟ್ ಬೇಡ, ಗೆರೆ ಕಾಣುತ್ತದೆ. ರೆಸಿನ್ ಪ್ರಿಂಟ್ ನಯವಾಗಿರುತ್ತದೆ, ಆದರೆ ತೆಳುವಾದ ಕಡೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಭಾರ ಹೊರುವ ಗೇರಿಗೆ ಎರಡೂ ಬೇಡ.

ಒಂದು ಭಾಗ ಚೆನ್ನಾಗಿದ್ದು ಅದರ ಜೋಡಿ ಕಳೆದಿದ್ದರೆ ಸಿಲಿಕೋನ್ ಅಚ್ಚು ತೆಗೆದು ರೆಸಿನ್ ಹೊಯ್ಯೋದು ಸುಲಭ. ಪುಟ್ಟ ಪೀಪಾಯಿ, ಪೆಟ್ಟಿಗೆ, ಬೊಂಬೆಗೆ ಇದೇ ಚಂದ. ಒಣಗಿದಾಗ ಸ್ವಲ್ಪ ಕುಗ್ಗುತ್ತದೆ, ಹಾಗಾಗಿ ಇನ್ನೊಂದು ಭಾಗಕ್ಕೆ ಕಚ್ಚಿ ಕೂರಬೇಕಾದ್ದಕ್ಕೆ ನಂಬಬೇಡಿ. ನಡುಕದಿಂದ ಮುಂದೆ ಸಾಗುವ ಬೊಂಬೆಯಾದರೆ ತೂಕವೂ ಅಸಲಿಯಷ್ಟೇ ಇರಬೇಕು, ಅಡಿಗೆ ಅಂಟಿಸಿದ ಬ್ರಷ್ಷಿನಂಥ ಎಳೆಗಳು ಒಂದೇ ಕಡೆಗೆ ವಾಲಿರಬೇಕು. ತಿರುಗಿಸಿ ಅಂಟಿಸಿದರೆ ಅದು ಹಿಂದಕ್ಕೆ ನಡೆಯುತ್ತದೆ. ಮಕ್ಕಳಿಗೆ ಮಾತ್ರ ಅದೇ ಜಾಸ್ತಿ ಇಷ್ಟ.

ಬೇಕಲೈಟ್ ಅನ್ನೋ ಹಳೆಯ ಗಟ್ಟಿ ಪ್ಲಾಸ್ಟಿಕ್ಕಿನ ಬುಡ ಬಿರುಕು ಬಿಟ್ಟಿದ್ದರೆ ಪ್ಲಾಸ್ಟಿಕ್ ಕರಗಿಸಿ ಹಿಡಿಯುವ ಅಂಟು ಅದಕ್ಕೆ ಹತ್ತುವುದಿಲ್ಲ, ಎಪಾಕ್ಸಿ ಹಾಕಿ. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಉಜ್ಜುವುದಾದರೆ ನೀರು ಹಾಕಿ ಉಜ್ಜಿ.

ಎಲ್ಲಿಂದ ಕೊಳ್ಳೋದು

ಬಿಡಿಭಾಗವನ್ನೇ ಮಾರುವ ಅಂಗಡಿಗಳು ನಂಬರ್ ಹಿಡಿದು ಕೊಡುತ್ತವೆ, ತಪ್ಪಿದರೆ ವಾಪಸ್ ತೆಗೆದುಕೊಳ್ಳುತ್ತವೆ, ಫೋನಿನಲ್ಲಿ ಕೇಳಿದರೆ ಉತ್ತರವನ್ನೂ ಕೊಡುತ್ತವೆ. ಸಣ್ಣ ಭಾಗಕ್ಕೆ, ಪಟ್ಟಿಗೆ, 394-10ರಂಥ ಬಲ್ಬಿಗೆ ಅವರೇ ಸರಿ. ಎಲ್ಲವನ್ನೂ ಒಂದೇ ಪಟ್ಟಿ ಮಾಡಿ ಒಂದೇ ಸಲ ತರಿಸಿ. ಆನ್‌ಲೈನ್ ಹರಾಜು ಗುಜರಿ ಪೀಸಿಗೆ ಒಳ್ಳೆಯದು, ಬಿಡಿ ಪಾರ್ಟಿಗೆ ಅಲ್ಲ. ಅಲ್ಲಿ ಬರೆಯುವ ದರ್ಜೆ ನೋಡಿ ಮೋಸ ಹೋಗಬೇಡಿ. ಅಮೆರಿಕದ ಟ್ರೈನ್ ಕಲೆಕ್ಟರ್ಸ್ ಅಸೋಸಿಯೇಷನ್‌ನ ಅಳತೆಗೋಲು ಸಿ-1ರಿಂದ ಸಿ-10ರವರೆಗೆ ಇದೆ, ಆದರೆ ಅದು ಹೇಳೋದು ನೋಟವನ್ನು. ಹೊರಗೆ ಸಿ-8 ಇರುವ ಗೋಪುರದ ಒಳಗೆ ಕಾಯಿಲ್ ಸುಟ್ಟಿರಬಹುದು. ನಮ್ಮಂಥವರಿಗೆ ಸಿ-3ರ ಒರಟು ಪೀಸಿನ ಒಳಗಿನ ಗಟ್ಟಿ ಯಂತ್ರವೇ ಬೇಕಾದ್ದು.

1954ರಲ್ಲಿ ಶುರುವಾದ ಇದೇ ಸಂಘದ ದೊಡ್ಡ ಮೇಳ ಪೆನ್ಸಿಲ್ವೇನಿಯಾದ ಯಾರ್ಕ್‌ನಲ್ಲಿ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ನಡೆಯುತ್ತದೆ. ಹೋಗಲು ಆಗುವವರು ಹೋಗಲಿ. ಆಗದವರಿಗೆ ಸಣ್ಣ ಮೇಳಗಳೂ ಸಾಕು. ಮೇಳದ ಲಾಭ ಒಂದೇ: ನಿಮ್ಮ ಮುರಿದ ಭಾಗವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಮೇಜಿನ ಮೇಲಿನದ್ದರ ಪಕ್ಕ ಇಟ್ಟು ನೋಡಬಹುದು. ಇದಕ್ಕೆ ಸಮನಾದ್ದು ಯಾವ ಫೋಟೋವೂ ಇಲ್ಲ.

ನನ್ನ ಮೂರರ ಪೈಕಿ 364 ಹೊಸ ಪಟ್ಟಿಯ ಮೇಲೆ ದಿಮ್ಮಿ ಏರಿಸುತ್ತಿದೆ, 394 ಗುಳಿಯ ಬಲ್ಬು ಹಾಕಿದ ಮೇಲೆ ತಿರುಗುತ್ತಿದೆ. ಗೇಟ್‌ಮನ್‌ಗೆ ರಿಪ್ರೊಡಕ್ಷನ್ ಬೊಂಬೆ ತಂದೆ, ಲಾಟೀನು ಸಮೇತ. ಅವನು ತುಂಬಾ ಹೊಸಬನ ಹಾಗೆ ಕಂಡ. ಅವನನ್ನು ಡ್ರಾಯರಿಗೆ ಹಾಕಿ ಹಳೆಯವನನ್ನೇ ವಾಪಸ್ ನಿಲ್ಲಿಸಿದ್ದೇನೆ. ಈಗ ರೈಲು ಬಂದಾಗಲೆಲ್ಲ ಬರಿಗೈಯಲ್ಲಿ ಹೊರಗೆ ಓಡಿ ಬರುತ್ತಾನೆ.